ಪ್ಯಾಂಟಿನ ಮುಂದೆ ಸಿಕ್ಕಿಸಿದ ಪಿಸ್ತೂಲು: ಅಪಾಯ ಎಲ್ಲಿದೆ, ಆರಾಮ ಎಷ್ಟಿದೆ?

2008ರ ನವೆಂಬರ್ ತಿಂಗಳ ಕೊನೆ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನ ಒಂದು ನೈಟ್‌ಕ್ಲಬ್‌ಗೆ ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ಬಂದಿದ್ದರು. ಅದೇ ವರ್ಷ ಫೆಬ್ರವರಿಯಲ್ಲಿ ಸೂಪರ್ ಬೌಲ್ ಎಂಬ ಆ ಆಟದ ಫೈನಲ್ ಪಂದ್ಯದಲ್ಲಿ ಗೆಲುವಿನ ಟಚ್‌ಡೌನ್ ಹಿಡಿದು ತಂಡಕ್ಕೆ ಅಂಕ ತಂದವರು ಅವರು. ಆ ರಾತ್ರಿ ಅವರ ಪ್ಯಾಂಟಿನ ಸೊಂಟದಲ್ಲಿ 40 ಕ್ಯಾಲಿಬರ್‌ನ ಗ್ಲಾಕ್ ಪಿಸ್ತೂಲು ಇತ್ತು. ಅದನ್ನು ಹಿಡಿದಿಡುವ ಹೋಲ್ಸ್ಟರ್ ಇರಲಿಲ್ಲ. ಸುಮ್ನೆ ಸಿಕ್ಕಿಸಿಕೊಂಡಿದ್ದರು. ಪಿಸ್ತೂಲು ಮೆಲ್ಲಗೆ ಜಾರಿ ಪ್ಯಾಂಟಿನ ಕಾಲಿನೊಳಗೆ ಇಳಿಯತೊಡಗಿತು. ಯಾರಾದರೂ ಮಾಡುವುದನ್ನೇ ಅವರೂ ಮಾಡಿದರು. ಬೀಳುತ್ತಿದ್ದ ವಸ್ತುವನ್ನು ಹಿಡಿಯಲು ಕೈ ಹಾಕಿದರು. ಟ್ರಿಗರ್ ಒತ್ತಿಹೋಯಿತು. ಗುಂಡು ಬಲತೊಡೆಗೆ ಹೊಕ್ಕಿತು.

ಜೀವ ಉಳಿಯಿತು. ಆದರೆ ನ್ಯೂಯಾರ್ಕಿನಲ್ಲಿ ಪಿಸ್ತೂಲು ಇಟ್ಟುಕೊಳ್ಳಲು ಅವರಿಗೆ ಲೈಸೆನ್ಸ್ ಇರಲಿಲ್ಲ. ಎರಡು ವರ್ಷ ಶಿಕ್ಷೆಯಾಗಿ ಜೈಲಿಗೆ ಹೋದರು. 2011ರ ಜೂನ್‌ನಲ್ಲಿ ಹೊರಬಂದರು.

ಈ ಹಳೆಯ ಘಟನೆಯನ್ನು ಈಗ ನೆನಪಿಸಲು ಕಾರಣ ಇದೆ. 2022ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟ್, ಬ್ರೂಯೆನ್ ಮೊಕದ್ದಮೆ ಎಂದೇ ಹೆಸರಾದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಪಿಸ್ತೂಲು ಹೊತ್ತು ತಿರುಗುವ ಲೈಸೆನ್ಸ್ ಬೇಕಾದರೆ 'ನನಗೆ ವಿಶೇಷ ಕಾರಣ ಇದೆ' ಎಂದು ತೋರಿಸಬೇಕಿತ್ತು. ಆ ಷರತ್ತು ಸಂವಿಧಾನಕ್ಕೆ ವಿರುದ್ಧ ಎಂದಿತು ಕೋರ್ಟ್. ಇನ್ನೊಂದು ಕಡೆ, ಲೈಸೆನ್ಸೇ ಬೇಡ ಎನ್ನುವ ರಾಜ್ಯಗಳೂ ಜಾಸ್ತಿಯಾಗುತ್ತಾ ಬಂದವು. 2021ರಲ್ಲಿ ಟೆಕ್ಸಸ್, 2023ರಲ್ಲಿ ಫ್ಲೋರಿಡಾ, 2024ರಲ್ಲಿ ಸೌತ್ ಕೆರೊಲಿನಾ ಮತ್ತು ಲೂಸಿಯಾನ ಸೇರಿ, ಇಂಥ ರಾಜ್ಯಗಳ ಸಂಖ್ಯೆ 29ಕ್ಕೆ ಮುಟ್ಟಿತು. ಹಾಗಾಗಿ, ಹಿಂದೆಂದೂ ಪಿಸ್ತೂಲು ಹೊತ್ತು ಗೊತ್ತಿಲ್ಲದ ಅದೆಷ್ಟೋ ಜನ ಈಗ ಅಂಗಿಯ ಕೆಳಗೆ ಒಂದನ್ನು ಇಟ್ಟುಕೊಂಡು ಓಡಾಡುತ್ತಿದ್ದಾರೆ. ಅವರಲ್ಲಿ ಅನೇಕರು ಆರಿಸಿಕೊಳ್ಳುವ ಜಾಗ ಸೊಂಟದ ಮುಂಭಾಗ.

ನಳಿಗೆ ನೇರವಾಗಿ ತೊಡೆಯ ಕಡೆ ನೋಡುತ್ತಿರುವಾಗ ಅದು ಸುರಕ್ಷಿತವೇ? ದಿನವಿಡೀ ಹೊಟ್ಟೆಗೆ ಒತ್ತಿಕೊಂಡಿರುವ ಲೋಹದ ತುಂಡನ್ನು ತಡೆದುಕೊಳ್ಳಲು ಆಗುತ್ತದೆಯೇ? ಬಂದೂಕು ಬೇಕೋ ಬೇಡವೋ ಎಂಬ ದೊಡ್ಡ ವಾದ ಬೇರೆ. ಇಲ್ಲಿ ಈ ಎರಡು ಪ್ರಶ್ನೆಗಳನ್ನು ಮಾತ್ರ ಬಿಡಿಸಿ ನೋಡೋಣ.

ಸೊಂಟ ಒಂದು ಗಡಿಯಾರ

ನೀವು ಒಂದು ದೊಡ್ಡ ಗಡಿಯಾರದ ನಡುವೆ ನಿಂತಿದ್ದೀರಿ ಅಂದುಕೊಳ್ಳಿ. ಬೆಲ್ಟಿನ ಬಕಲ್ ಇರುವ ಜಾಗ 12 ಗಂಟೆ. ಬಲ ಸೊಂಟದ ಮೂಳೆ 3 ಗಂಟೆ. ಬೆನ್ನುಮೂಳೆ 6 ಗಂಟೆ. ಎಡ ಸೊಂಟ 9 ಗಂಟೆ. ಪಿಸ್ತೂಲು ಹೊರುವವರು ಇದೇ ಲೆಕ್ಕದಲ್ಲಿ ಮಾತಾಡುತ್ತಾರೆ. 'ನಂದು ನಾಲ್ಕು ಗಂಟೆ' ಅಂದರೆ ಬಲ ಸೊಂಟದಿಂದ ಸ್ವಲ್ಪ ಹಿಂದೆ ಎಂದರ್ಥ.

ನಾವು ಮಾತಾಡುತ್ತಿರುವುದು 12ರಿಂದ 2 ಗಂಟೆಯ ನಡುವಿನ ಜಾಗ. ಅಲ್ಲಿ ಪ್ಯಾಂಟಿನ ಒಳಗೆ, ಬೆಲ್ಟಿನ ಹಿಂದೆ, ಹೊಟ್ಟೆಗೆ ತಾಗುವಂತೆ ಪಿಸ್ತೂಲು ಕೂರುತ್ತದೆ. ಎಡಗೈಯವರಿಗೆ ಇದೇ ಅಳತೆ ಎಡಕ್ಕೆ. ಹೊಟ್ಟೆಯ ಬಲಭಾಗದಲ್ಲಿ, ಕೆಳಗೆ ಇರುವ ಅಪೆಂಡಿಕ್ಸ್ ಎಂಬ ಅಂಗದ ಹತ್ತಿರ ಬರುವುದರಿಂದ ಈ ಪದ್ಧತಿಗೆ 'ಅಪೆಂಡಿಕ್ಸ್ ಕ್ಯಾರಿ' ಎಂಬ ಹೆಸರು ಬಂದಿದೆ.

ಇನ್ನು ಮೂರು ಪದ ಗೊತ್ತಿರಲಿ. ಪಿಸ್ತೂಲನ್ನು ಹಿಡಿದಿಡುವ ಒರೆಯೇ ಹೋಲ್ಸ್ಟರ್. ಗುಂಡು ಹಾರುವ ಮುಂಚೆ ಕೂತಿರುವ, ನಳಿಗೆಯ ಹಿಂದಿನ ಗೂಡು ಚೇಂಬರ್. ಬಟ್ಟೆಯ ಮೇಲಿಂದಲೇ ಪಿಸ್ತೂಲಿನ ಆಕಾರ ಎದ್ದು ಕಾಣುವುದಕ್ಕೆ 'ಪ್ರಿಂಟಿಂಗ್' ಎನ್ನುತ್ತಾರೆ, ಕಾಗದದ ಮೇಲೆ ಅಚ್ಚು ಮೂಡಿದ ಹಾಗೆ.

ಅಷ್ಟಕ್ಕೂ ಮುಂದೆಯೇ ಯಾಕೆ?

ಮೊದಲ ಕಾರಣ, ಮುಚ್ಚಿಡುವುದು ಸುಲಭ. ಪಿಸ್ತೂಲು ಸೊಂಟದ ಹಿಂದೆ ಇದ್ದಾಗ ಬಗ್ಗಿದರೆ ಅಂಗಿ ಬೆನ್ನಿನ ಮೇಲೆ ಬಿಗಿಯಾಗುತ್ತದೆ, ಹಿಡಿ ಉಬ್ಬಿ ಕಾಣುತ್ತದೆ. ಅಂಗಿ ಮೇಲೆ ಸರಿದರೆ ಎಲ್ಲರಿಗೂ ಕಂಡೇಬಿಡುತ್ತದೆ, ನಮಗೆ ಮಾತ್ರ ಗೊತ್ತಾಗುವುದಿಲ್ಲ. ಮುಂದಿದ್ದರೆ ಬಗ್ಗಿದಾಗ ಅಂಗಿ ಸಡಿಲವಾಗಿ ಜೋತುಬೀಳುತ್ತದೆ, ಮುಚ್ಚುತ್ತದೆ.

ಎರಡನೆಯದು, ಅದು ನಮ್ಮ ಕಣ್ಣ ಮುಂದೆ, ಕೈಯ ಕೆಳಗೆ ಇರುತ್ತದೆ. ಜನಸಂದಣಿಯಲ್ಲಿ ಹಿಂದಿನಿಂದ ಯಾರಾದರೂ ಕೈ ಹಾಕಿದರೆ 4 ಗಂಟೆಯ ಪಿಸ್ತೂಲನ್ನು ಕಾಯುವುದು ಕಷ್ಟ. ಮುಂದಿದ್ದರೆ ಎರಡೂ ಕೈ ಅದರ ಹತ್ತಿರವೇ ಇರುತ್ತವೆ. ತೆಗೆಯುವಾಗಲೂ ಕೈ ಓಡುವ ದೂರ ಕಡಿಮೆ. ಬೆನ್ನುಮೂಳೆಯ ಮೇಲೆ, ಅಂದರೆ 6 ಗಂಟೆಯಲ್ಲಿ ಇಟ್ಟುಕೊಂಡವರು ಜಾರಿ ಹಿಂದಕ್ಕೆ ಬಿದ್ದರೆ ಗಟ್ಟಿ ಲೋಹದ ಮೇಲೆ ಬೆನ್ನು ಬೀಳುತ್ತದೆ. ಮುಂದಿಟ್ಟರೆ ಆ ಭಯ ಇಲ್ಲ.

ಈ ಅನುಕೂಲಗಳೆಲ್ಲ ನಿಜ. ಇವುಗಳಿಗೆ ತೆರಬೇಕಾದ ಬೆಲೆ ನಳಿಗೆ ನೋಡುವ ದಿಕ್ಕಿನಲ್ಲಿದೆ.

ನಳಿಗೆ ನೋಡುತ್ತಿರುವುದು ಎಲ್ಲಿಗೆ?

ಕಿಬ್ಬೊಟ್ಟೆ ಮತ್ತು ತೊಡೆ ಸೇರುವಲ್ಲಿ ಒಂದು ಮಡಿಕೆ ಇದೆ. ಅದರ ಸುಮಾರು ನಡುವೆ ಎರಡು ಬೆರಳಿಟ್ಟು ಸ್ವಲ್ಪ ಜೋರಾಗಿ ಒತ್ತಿ ನೋಡಿ. ಮಣಿಕಟ್ಟಿನಲ್ಲಿ ಸಿಗುವ ಹಾಗೆ ಅಲ್ಲೂ ನಾಡಿ ಮಿಡಿಯುವುದು ಸಿಗುತ್ತದೆ, ಇನ್ನೂ ಬಲವಾಗಿ. ಕಾಲಿಗೆ ರಕ್ತ ಒಯ್ಯುವ ಮುಖ್ಯ ರಕ್ತನಾಳ ಅದು. ವೈದ್ಯರು ಫೀಮೊರಲ್ ಆರ್ಟರಿ ಎನ್ನುತ್ತಾರೆ. ಅದು ತುಂಡಾದರೆ ಕೆಲವೇ ನಿಮಿಷಗಳಲ್ಲಿ ಸಾವು ಬರಬಹುದು.

ಸೊಂಟದ ಮುಂದೆ ಸಿಕ್ಕಿಸಿದ ಪಿಸ್ತೂಲಿನ ನಳಿಗೆ ಸುಮಾರು ಇದೇ ಜಾಗದ ಕಡೆ ನೋಡುತ್ತದೆ. ನೇರ ನಿಂತಾಗ ಅದು ತೊಡೆಯ ಮುಂಭಾಗವನ್ನು ಸವರಿಕೊಂಡು ನೆಲದ ಕಡೆ ಇರಬಹುದು. ಕೂತ ತಕ್ಷಣ ತೊಡೆಯೇ ಎದ್ದು ನಳಿಗೆಯ ಎದುರು ಬರುತ್ತದೆ. 12 ಗಂಟೆಗೆ ಹತ್ತಿರ ಇಟ್ಟರೆ ಜನನಾಂಗ, 2 ಗಂಟೆಗೆ ಹತ್ತಿರ ಇಟ್ಟರೆ ತೊಡೆ. ಸೊಂಟದ ಪಕ್ಕದಲ್ಲಿ ಇಟ್ಟ ಪಿಸ್ತೂಲೂ ಕಾಲಿಗೆ ಅಥವಾ ಪಿರ್ರೆಗೆ ಗಾಯ ಮಾಡಬಲ್ಲದು, ಅದೇನು ಸಾಧು ಅಲ್ಲ. ಆದರೆ ಅಲ್ಲಿ ಗುಂಡು ಕಾಲಿನ ಹೊರಮೈಯನ್ನು ಸೀಳಿಕೊಂಡು ಹೋಗುವ ಸಾಧ್ಯತೆ ಜಾಸ್ತಿ. ಮುಂದೆ ಆದ ತಪ್ಪಿಗೆ ಕ್ಷಮೆ ಕಡಿಮೆ.

ಈ ಗಾಯಕ್ಕೆ ಇನ್ನೊಂದು ಕಷ್ಟ ಇದೆ. ಕಾಲಿನ ಕೆಳಗೆ ಎಲ್ಲಾದರೂ ಗುಂಡು ತಗುಲಿದರೆ ಗಾಯದ ಮೇಲ್ಗಡೆ ಟೂರ್ನಿಕೆಟ್ ಎಂಬ ಪಟ್ಟಿ ಬಿಗಿದು ರಕ್ತ ನಿಲ್ಲಿಸಬಹುದು. ತೊಡೆಸಂದಿಯಲ್ಲಿ ಆದರೆ ಪಟ್ಟಿ ಬಿಗಿಯಲು ಮೇಲೆ ಕಾಲೇ ಇಲ್ಲ. ಅಲ್ಲಿ ಉಳಿಯುವ ದಾರಿ ಒಂದೇ. ಗಾಯದ ಒಳಗೆ ಗಾಜ್ ಬಟ್ಟೆಯನ್ನು ತುರುಕಿ, ಆಳದವರೆಗೆ ತುಂಬಿ, ಮೇಲಿಂದ ಇಡೀ ಮೈಭಾರ ಹಾಕಿ ಒತ್ತಿ ಹಿಡಿಯಬೇಕು. ಆಂಬುಲೆನ್ಸ್ ಬರುವ ತನಕ ಕೈ ಎತ್ತಬಾರದು. 2015ರಲ್ಲಿ ಶುರುವಾದ 'ಸ್ಟಾಪ್ ದಿ ಬ್ಲೀಡ್' ಎಂಬ ಅಮೆರಿಕದ ಅಭಿಯಾನ ಸಾಮಾನ್ಯ ಜನರಿಗೆ ಕಲಿಸುವುದು ಇದನ್ನೇ. ಸೊಂಟದ ಮುಂದೆ ಪಿಸ್ತೂಲು ಇಟ್ಟುಕೊಳ್ಳುವವರು ಗುಂಡು ಹಾರಿಸುವುದನ್ನು ಕಲಿಯುವಷ್ಟೇ ಶ್ರದ್ಧೆಯಿಂದ ಇದನ್ನೂ ಕಲಿಯಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಕಲಿತರಷ್ಟೇ ಸಾಲದು, ಜೊತೆಗೆ ಇರುವವರಿಗೂ ಗೊತ್ತಿರಬೇಕು. ತನ್ನ ತೊಡೆಸಂದಿಯನ್ನು ತಾನೇ ಒತ್ತಿಕೊಂಡು ಪ್ರಜ್ಞೆ ಉಳಿಸಿಕೊಳ್ಳುವುದು ಸುಲಭದ ಮಾತಲ್ಲ.

ಅಮೆರಿಕದಲ್ಲಿ ಬಂದೂಕು ಕಲಿಸುವವರು ಹೇಳಿಕೊಡುವ ನಾಲ್ಕು ಸೂತ್ರಗಳಿವೆ. ಅವನ್ನು ಪ್ರಸಿದ್ಧಿಗೆ ತಂದವರು ಜೆಫ್ ಕೂಪರ್. 1976ರಲ್ಲಿ ಅರಿಜೋನಾದಲ್ಲಿ ಪಿಸ್ತೂಲು ತರಬೇತಿ ಶಾಲೆ ಕಟ್ಟಿದವರು. ಎಲ್ಲ ಬಂದೂಕಿನಲ್ಲೂ ಗುಂಡು ಇದೆ ಎಂದೇ ತಿಳಿ. ನಾಶವಾದರೂ ಪರವಾಗಿಲ್ಲ ಎನ್ನುವ ವಸ್ತುವಿನ ಕಡೆಗಷ್ಟೇ ನಳಿಗೆ ತಿರುಗಿಸು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನಿಂದ ದೂರ ಇರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಖಚಿತ ಮಾಡಿಕೋ. ಎರಡನೆಯ ಸೂತ್ರ ಓದಿದ ಕೂಡಲೇ ಪ್ರಶ್ನೆ ಏಳುತ್ತದೆ. ನಮ್ಮ ತೊಡೆ ನಾಶವಾದರೆ ಪರವಾಗಿಲ್ಲವಾ? ಮುಂದಿಡುವುದನ್ನು ವಿರೋಧಿಸುವವರ ವಾದ ನಿಂತಿರುವುದು ಇಲ್ಲೇ. ಒಪ್ಪುವವರ ಉತ್ತರ ಇದು: ಆ ಸೂತ್ರ ಕೈಯಲ್ಲಿ ಹಿಡಿದ ಪಿಸ್ತೂಲಿನದು. ಗಟ್ಟಿ ಹೋಲ್ಸ್ಟರ್‌ನಲ್ಲಿ, ಟ್ರಿಗರ್ ಪೂರ್ತಿ ಮುಚ್ಚಿಕೊಂಡು ಕೂತಿರುವ ಪಿಸ್ತೂಲನ್ನು ಯಾರೂ ಮುಟ್ಟದಿದ್ದರೆ ಅದು ಹಾರಲು ಕಾರಣ ಇಲ್ಲ.

ಈ ಉತ್ತರ ಸರಿಯೇ? ಅದಕ್ಕೆ ಪಿಸ್ತೂಲಿನ ಒಳಗೆ ಇಣುಕಬೇಕು.

ಪಿಸ್ತೂಲು ತಾನಾಗಿಯೇ ಹಾರುತ್ತದೆಯೇ?

ಗುಂಡು ಹಾರಬೇಕಾದರೆ ಅದರ ಹಿಂಬದಿಗೆ ಒಂದು ಮೊನೆ ಬಡಿಯಬೇಕು. ಇಂದಿನ ಬಹುತೇಕ ಪಿಸ್ತೂಲುಗಳಲ್ಲಿ ಆ ಮೊನೆಗೆ ಸ್ಟ್ರೈಕರ್ ಎನ್ನುತ್ತಾರೆ. ಸ್ಪ್ರಿಂಗಿನ ಬಲದಲ್ಲಿ ಹಿಂದಕ್ಕೆ ಎಳೆದು ನಿಲ್ಲಿಸಿರುತ್ತಾರೆ. ಟ್ರಿಗರ್ ಎಳೆದಾಗ ಅದು ಬಿಡುಗಡೆಯಾಗಿ ಮುಂದಕ್ಕೆ ಚಿಮ್ಮುತ್ತದೆ. ಗೇಟಿನ ಚಿಲಕದ ಹಾಗೆ ಅದರ ದಾರಿಗೆ ಅಡ್ಡವಾಗಿ ಒಂದು ಸಣ್ಣ ಲೋಹದ ತುಂಡು ಕೂತಿರುತ್ತದೆ. ಟ್ರಿಗರ್ ಪೂರ್ತಿ ಹಿಂದೆ ಬಂದಾಗ ಮಾತ್ರ ಅದು ಸರಿದು ದಾರಿ ಬಿಡುತ್ತದೆ. 1980ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಸೈನ್ಯಕ್ಕಾಗಿ ಬಂದ ಗ್ಲಾಕ್ ಪಿಸ್ತೂಲಿನಲ್ಲಿ ಇಂಥ ಮೂರು ತಡೆಗಳಿವೆ. ಒಂದು ಟ್ರಿಗರ್‌ನ ಮೇಲೆಯೇ, ಇನ್ನೆರಡು ಒಳಗೆ. ಹೊರಗೆ ಬೆರಳಿನಿಂದ ಒತ್ತುವ ಸೇಫ್ಟಿ ಗುಂಡಿ ಮಾಮೂಲಿ ಮಾದರಿಗಳಲ್ಲಿ ಇಲ್ಲ.

ಇದರ ಅರ್ಥ ಏನೆಂದರೆ, ಚೆನ್ನಾಗಿ ತಯಾರಾದ, ಸುಸ್ಥಿತಿಯಲ್ಲಿರುವ ಪಿಸ್ತೂಲು ಓಡಾಡಿದರೆ, ಅಲುಗಾಡಿದರೆ ಹಾರುವುದಿಲ್ಲ. ಟ್ರಿಗರ್ ಹಿಂದಕ್ಕೆ ಬರಬೇಕು. ಹಾಗಂತ ಯಂತ್ರದ ಮೇಲೆ ಕಣ್ಣುಮುಚ್ಚಿ ನಂಬಿಕೆ ಇಡುವ ಹಾಗೂ ಇಲ್ಲ. 2017ರಲ್ಲಿ ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲು ಒಂದು ಕೋನದಲ್ಲಿ ಕೆಳಗೆ ಬಿದ್ದರೆ ಹಾರಬಹುದು ಎಂದು ಗೊತ್ತಾಯಿತು. ಕಂಪನಿ ಉಚಿತವಾಗಿ ಭಾಗಗಳನ್ನು ಬದಲಿಸಿಕೊಡುವ ಕಾರ್ಯಕ್ರಮ ಘೋಷಿಸಿತು. ಇಂಥ ಸುದ್ದಿ ತಮ್ಮ ಮಾದರಿಯ ಬಗ್ಗೆ ಬಂದಾಗ ಗಮನಿಸುವುದು, ಬೇಕಾದ ದುರಸ್ತಿ ಮಾಡಿಸುವುದು ಪಿಸ್ತೂಲು ಇಟ್ಟುಕೊಂಡವರ ಕೆಲಸ. ಟ್ರಿಗರ್ ಹಗುರ ಮಾಡಿಸಲು ಒಳಗಿನ ಭಾಗಗಳನ್ನು ತಾವೇ ಉಜ್ಜಿ ತೇಯುವವರೂ ಇದ್ದಾರೆ. ಹಾಗೆ ತಡೆಗಳನ್ನು ಸಡಿಲ ಮಾಡಿದ ಪಿಸ್ತೂಲನ್ನು ತೊಡೆಸಂದಿಗೆ ಗುರಿಯಾಗಿ ಇಟ್ಟುಕೊಳ್ಳುವುದು ದೊಡ್ಡ ತಪ್ಪು.

ಟ್ರಿಗರ್ ಎಳೆಯಲು ಎಷ್ಟು ಬಲ ಬೇಕು? ಗ್ಲಾಕ್‌ನಲ್ಲಿ ಸುಮಾರು ಎರಡೂವರೆ ಕೆಜಿ. ಎರಡೂವರೆ ಲೀಟರ್ ನೀರು ತುಂಬಿದ ಕ್ಯಾನನ್ನು ಒಂದೇ ಬೆರಳಿನಿಂದ ಎತ್ತಿದಷ್ಟು. ಟ್ರಿಗರ್ ಸರಿಯುವ ದೂರ ಒಂದೂಕಾಲು ಸೆಂಟಿಮೀಟರ್. ಬೆರಳಿಗೆ ಇದು ಸಾಕಷ್ಟು ಬಲವೇ. ಆದರೆ ಪಿಸ್ತೂಲನ್ನು ಹೋಲ್ಸ್ಟರ್‌ನೊಳಗೆ ದೂಡುವುದು ಬೆರಳಲ್ಲ, ಇಡೀ ತೋಳು. ತೋಳಿಗೆ ಎರಡೂವರೆ ಕೆಜಿ ಯಾವ ಲೆಕ್ಕ?

ಅಪಾಯ ಇರುವುದು ಆ ಎರಡು ಸೆಕೆಂಡಿನಲ್ಲಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸುಮ್ಮನೆ ಕೂತ ಪಿಸ್ತೂಲಿಗಿಂತ, ಒಳಗೆ ಹೋಗುತ್ತಿರುವ ಪಿಸ್ತೂಲು ಹೆಚ್ಚು ಅಪಾಯ.

ಹತ್ತಿರದಿಂದ ನೋಡೋಣ. ಚಳಿಗೆ ಒಬ್ಬರು ಜಾಕೆಟ್ ಹಾಕಿದ್ದಾರೆ. ಅದರ ಅಂಚಿನಲ್ಲಿ ಬಿಗಿ ಮಾಡುವ ದಾರ ಇದೆ. ದಾರದ ತುದಿಗೆ ಕಡಲೆಕಾಳಿನಷ್ಟು ದಪ್ಪದ ಪ್ಲಾಸ್ಟಿಕ್ ಗುಂಡು. ಅಭ್ಯಾಸ ಮುಗಿಸಿ ಪಿಸ್ತೂಲನ್ನು ವಾಪಸ್ ಇಡಲು ಜಾಕೆಟ್ಟನ್ನು ಎಡಗೈಯಲ್ಲಿ ಮೇಲೆತ್ತುತ್ತಾರೆ. ದಾರ ಕೆಳಗೆ ಜೋತಾಡುತ್ತದೆ, ಹೋಲ್ಸ್ಟರ್‌ನ ಬಾಯಿಯ ಮೇಲೆಯೇ. ಪಿಸ್ತೂಲು ಇಳಿಯುತ್ತದೆ. ಟ್ರಿಗರ್‌ನ ಸುತ್ತ ಇರುವ ಬಳೆಯೊಳಗೆ ದಾರ ನುಸುಳುತ್ತದೆ. ಪ್ಲಾಸ್ಟಿಕ್ ಗುಂಡು ಹೋಲ್ಸ್ಟರ್‌ನ ಅಂಚಿಗೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಪಿಸ್ತೂಲು ಮಾತ್ರ ಕೆಳಗೆ ಹೋಗುತ್ತಲೇ ಇದೆ. ದಾರ ಬಿಗಿಯಾಗಿ ಟ್ರಿಗರ್‌ನ್ನು ಹಿಂದಕ್ಕೆ ಎಳೆಯುತ್ತದೆ. ಏನೋ ಅಡ್ಡ ಬಂತು ಎಂದು ಕೈಗೆ ತಿಳಿಯುತ್ತದೆ. ಅವರು ಇನ್ನೂ ಸ್ವಲ್ಪ ಜೋರಾಗಿ ಒತ್ತುತ್ತಾರೆ. ಅಷ್ಟೇ.

ಬಟ್ಟೆಯ ಮಡಿಕೆಯೂ ಇದೇ ಕೆಲಸ ಮಾಡಬಲ್ಲದು. ಟ್ರಿಗರ್‌ನಿಂದ ತೆಗೆಯಲು ಮರೆತ ಬೆರಳೂ ಮಾಡಬಲ್ಲದು. ಹಳೆಯ ಮೆತ್ತನೆಯ ಚರ್ಮದ ಹೋಲ್ಸ್ಟರ್ ಇನ್ನೊಂದು ಬಗೆ. ಬಳಸಿ ಬಳಸಿ ಅದರ ಬಾಯಿ ಒಳಕ್ಕೆ ಮಡಚಿಕೊಂಡಿರುತ್ತದೆ. ಆ ಮಡಿಕೆಯೇ ಬೆರಳಿನಂತೆ ಟ್ರಿಗರ್ ಮೇಲೆ ಕೂರುತ್ತದೆ. ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಎಳೆದಾಗ ಹೊಟ್ಟೆಯ ಒತ್ತಡಕ್ಕೆ ಅದು ಇನ್ನಷ್ಟು ಒಳಗೆ ಹೋಗಬಹುದು.

ಅನುಭವಿ ತರಬೇತುದಾರರು ಹೇಳಿಕೊಡುವ ಕ್ರಮ ಇದಕ್ಕೇ ಹುಟ್ಟಿದ್ದು. ಪಿಸ್ತೂಲನ್ನು ಒಳಗೆ ಇಡುವ ಮುಂಚೆ ಒಂದು ಕ್ಷಣ ನಿಲ್ಲಬೇಕು. ಬೆರಳು ನಳಿಗೆಗೆ ಸಮನಾಗಿ, ಮೇಲೆ ಚಾಚಿ ಇಡಬೇಕು. ಎಡಗೈಯಿಂದ ಬಟ್ಟೆಯನ್ನು ಎದೆಯವರೆಗೆ ಎತ್ತಿ ಹಿಡಿಯಬೇಕು. ತಲೆ ಬಗ್ಗಿಸಿ ಹೋಲ್ಸ್ಟರ್‌ನ ಬಾಯಿಯನ್ನು ಕಣ್ಣಾರೆ ನೋಡಬೇಕು. ಸೊಂಟವನ್ನು ಮುಂದಕ್ಕೆ ಚಾಚಿ, ಮೈಮೇಲ್ಭಾಗವನ್ನು ಹಿಂದಕ್ಕೆ ವಾಲಿಸಬೇಕು. ಹೀಗೆ ಮಾಡಿದರೆ ನಳಿಗೆಯ ರೇಖೆ ತೊಡೆಯಿಂದ ಆಚೆ, ಮುಂದಿನ ನೆಲದ ಕಡೆ ತಿರುಗುತ್ತದೆ. ಆಮೇಲೆ ನಿಧಾನವಾಗಿ ಇಳಿಸಬೇಕು. ಎಲ್ಲಿಯಾದರೂ ಅಡ್ಡ ಸಿಕ್ಕಿತೋ, ಒತ್ತಲೇಬಾರದು. ಹೊರತೆಗೆದು ನೋಡಬೇಕು.

ಹೊರತೆಗೆಯುವುದಕ್ಕೆ ಅವಸರ ಇರಬಹುದು. ಒಳಗಿಡುವುದಕ್ಕೆ ಯಾವ ಅವಸರವೂ ಇಲ್ಲ. ಬೇಗ ಒಳಗಿಟ್ಟವರಿಗೆ ಬಹುಮಾನ ಎಲ್ಲೂ ಇಲ್ಲ, ಅಲ್ವಾ?

ಪಿಸ್ತೂಲಿನ ಬಗೆಯಿಂದಲೂ ಸಹಾಯ ಸಿಗುತ್ತದೆ. ಹಿಂಭಾಗದಲ್ಲಿ ಸುತ್ತಿಗೆಯಂಥ ಹ್ಯಾಮರ್ ಕಾಣುವ ಪಿಸ್ತೂಲುಗಳಿವೆ. ಅವುಗಳ ಕೆಲವು ಮಾದರಿಗಳಲ್ಲಿ ಮೊದಲ ಸಲ ಟ್ರಿಗರ್ ಎಳೆಯುವಾಗ ಹ್ಯಾಮರ್ ಹಿಂದಕ್ಕೆ ಎದ್ದು ಬರುತ್ತದೆ. ಎಳೆತವೂ ಉದ್ದ, ಗ್ಲಾಕ್‌ಗಿಂತ ಗಟ್ಟಿ. ಒಳಗಿಡುವಾಗ ಹೆಬ್ಬೆರಳನ್ನು ಹ್ಯಾಮರ್ ಮೇಲೆ ಇಟ್ಟುಕೊಂಡರೆ ಸಾಕು. ಟ್ರಿಗರ್‌ಗೆ ಏನಾದರೂ ಸಿಕ್ಕಿಕೊಂಡರೆ ಹ್ಯಾಮರ್ ಏಳುವುದು ಹೆಬ್ಬೆರಳಿಗೆ ತಿಳಿಯುತ್ತದೆ, ಒತ್ತಿ ತಡೆಯಲೂಬಹುದು. ಗ್ಲಾಕ್‌ಗೆ ಹ್ಯಾಮರ್ ಇಲ್ಲದ್ದರಿಂದ ಇದೇ ಉಪಾಯವನ್ನು ಅಳವಡಿಸಲು 'ಸ್ಟ್ರೈಕರ್ ಕಂಟ್ರೋಲ್ ಡಿವೈಸ್' ಎಂಬ ಸಣ್ಣ ತಟ್ಟೆ ಸಿಗುತ್ತದೆ. ಹಿಂದಿನ ಮುಚ್ಚಳದ ಜಾಗದಲ್ಲಿ ಅದನ್ನು ಹಾಕಬೇಕು. ಟ್ರಿಗರ್ ಸರಿದರೆ ತಟ್ಟೆ ಹಿಂದಕ್ಕೆ ತೆರೆದುಕೊಂಡು ಹೆಬ್ಬೆರಳಿಗೆ ತಾಗುತ್ತದೆ.

ಇನ್ನೂ ಸರಳ ದಾರಿ ಒಂದಿದೆ. ಮನೆಯಲ್ಲಿ ಪಿಸ್ತೂಲು ಹಾಕಿಕೊಳ್ಳುವಾಗ ಖಾಲಿ ಹೋಲ್ಸ್ಟರ್‌ನ್ನು ಸೊಂಟಕ್ಕೆ ಕಟ್ಟಿ ಅದರೊಳಗೆ ಪಿಸ್ತೂಲು ತೂರಿಸುವ ಅಗತ್ಯವೇ ಇಲ್ಲ. ಹೋಲ್ಸ್ಟರ್‌ನ್ನು ಕೈಯಲ್ಲಿ ಹಿಡಿದು, ಮೈಯಿಂದ ದೂರ, ನಳಿಗೆ ಸುರಕ್ಷಿತ ದಿಕ್ಕಿನಲ್ಲಿ ಇರುವಾಗಲೇ, ಹಿಡಿದ ಕೈ ನಳಿಗೆಯ ಎದುರು ಬಾರದಂತೆ ಪಿಸ್ತೂಲನ್ನು ಒಳಗಿಡಬಹುದು. ಆಮೇಲೆ ಎರಡನ್ನೂ ಒಟ್ಟಿಗೆ ಪ್ಯಾಂಟಿನೊಳಗೆ ಇಳಿಸಿ ಕ್ಲಿಪ್ಪನ್ನು ಬೆಲ್ಟಿಗೆ ಸಿಕ್ಕಿಸಬೇಕು. ತೊಡೆಯ ಮೇಲೆ ತೆರೆದ ಟ್ರಿಗರ್ ಒಮ್ಮೆಯೂ ಬರುವುದಿಲ್ಲ.

ಹೋಲ್ಸ್ಟರ್ ಹೇಗಿರಬೇಕು?

ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಅದೂ ಬೆರಳಿನಿಂದ ಹೊರಗಿಂದ ಒತ್ತಿದರೂ ಬಗ್ಗದಷ್ಟು ಗಟ್ಟಿಯಾಗಿ. ಪಿಸ್ತೂಲು ಹೊರಗಿದ್ದಾಗಲೂ ಬಾಯಿ ತೆರೆದೇ ಇರಬೇಕು. ಗುಂಡು ತೆಗೆದ ಪಿಸ್ತೂಲನ್ನು ಇಟ್ಟು ತಲೆಕೆಳಗು ಮಾಡಿ ಅಲುಗಾಡಿಸಿದರೆ ಬೀಳಬಾರದು. ಪಿಸ್ತೂಲು ಎಳೆದಾಗ ಹೋಲ್ಸ್ಟರ್ ಬೆಲ್ಟಿನಲ್ಲೇ ಉಳಿಯಬೇಕು, ಜೊತೆಯಲ್ಲಿ ಕಿತ್ತು ಬರಬಾರದು. ಎಲ್ಲ ಪಿಸ್ತೂಲಿಗೂ ಹೊಂದುತ್ತದೆ ಎಂದು ಮಾರುವ ಮೆತ್ತನೆಯ ಬಟ್ಟೆ ಚೀಲಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಹೆಚ್ಚಿನವರು ಬಳಸುವುದು ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ್ದನ್ನು. 1960ರ ದಶಕದಿಂದ ಇರುವ ವಸ್ತು. ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಆಗ ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿದರೆ ಅದೇ ಆಕಾರ ತಾಳಿ ಗಟ್ಟಿಯಾಗುತ್ತದೆ. ಪಿಸ್ತೂಲು ಒಳಗೆ ಕೂತಾಗ 'ಟಕ್' ಎಂಬ ಸದ್ದು ಬರುತ್ತದೆ. ಚರ್ಮವೂ ಕೆಟ್ಟದ್ದೇನಲ್ಲ, ಬಾಯಿಗೆ ಗಟ್ಟಿ ಪಟ್ಟಿ ಹೊಲಿದಿದ್ದರೆ, ಆಗಾಗ ನೋಡುತ್ತಿದ್ದರೆ.

ಚುಚ್ಚುವುದು, ಒತ್ತುವುದು, ಉರಿಯುವುದು

ಆರಾಮದ ಮಾತನ್ನು ಸುರಕ್ಷತೆಯಿಂದ ಬೇರೆ ಮಾಡಿ ನೋಡುವವರೇ ಜಾಸ್ತಿ. ನನ್ನ ಲೆಕ್ಕದಲ್ಲಿ ಎರಡೂ ಒಂದೇ. ಚುಚ್ಚುವ ಪಿಸ್ತೂಲನ್ನು ಜನ ಪದೇ ಪದೇ ಮುಟ್ಟುತ್ತಾರೆ. ಮೇಲೆ ಎಳೆಯುತ್ತಾರೆ, ಪಕ್ಕಕ್ಕೆ ಸರಿಸುತ್ತಾರೆ, ಕಾರು ಹತ್ತಿದ ಕೂಡಲೇ ತೆಗೆದು ಸೀಟಿನ ಪಕ್ಕ ಇಡುತ್ತಾರೆ. ಇಳಿಯುವಾಗ ಇಕ್ಕಟ್ಟಿನಲ್ಲಿ ಮತ್ತೆ ತುರುಕಿಕೊಳ್ಳುತ್ತಾರೆ. ಪ್ರತಿ ಸಲ ಮುಟ್ಟಿದಾಗಲೂ ಆ ಎರಡು ಸೆಕೆಂಡಿನ ಅಪಾಯ ಮತ್ತೊಮ್ಮೆ ಎದುರಾಗುತ್ತದೆ.

ಮೊದಲು ತೂಕ. ಮಧ್ಯಮ ಗಾತ್ರದ ಗ್ಲಾಕ್ 19ಕ್ಕೆ ಗುಂಡು ತುಂಬಿದಾಗ ಸುಮಾರು 850 ಗ್ರಾಂ. ಇಷ್ಟನ್ನು ಮೆತ್ತನೆಯ ಬೆಲ್ಟ್ ಹೊರಲಾರದು. ಒಂದು ಕಡೆ ಜೋಲುತ್ತದೆ, ಹಿಡಿ ಹೊರಕ್ಕೆ ವಾಲುತ್ತದೆ. ಜನ ಬೆಲ್ಟ್ ಇನ್ನೂ ಬಿಗಿ ಮಾಡುತ್ತಾರೆ. ನೋವು ಅಲ್ಲಿಂದ ಶುರು. ಅಡ್ಡಕ್ಕೆ ಗಟ್ಟಿಯಾಗಿರುವ, ಅಂಗುಲಕ್ಕಿಂತ ಕಡಿಮೆ ಅಂತರದಲ್ಲಿ ಬಿಗಿ ಸಡಿಲ ಮಾಡಬಹುದಾದ ಬೆಲ್ಟ್ ಇದ್ದರೆ ಕೂತಾಗ ಸ್ವಲ್ಪ ಸಡಿಲಿಸಿ, ಎದ್ದಾಗ ಬಿಗಿ ಮಾಡಬಹುದು.

ಅತಿಯಾದ ಬಿಗಿಯಿಂದ ಇನ್ನೊಂದು ತೊಂದರೆ ಇದೆ. ಸೊಂಟದ ಮುಂದಿನ ಮೂಳೆಯ ಹತ್ತಿರ ಒಂದು ನರ ಹಾದುಹೋಗುತ್ತದೆ. ಅದು ತೊಡೆಯ ಹೊರಮೈಗೆ ಸ್ಪರ್ಶಜ್ಞಾನ ಕೊಡುವ ನರ. ಬಿಗಿ ಬೆಲ್ಟ್, ಬಿಗಿ ಪ್ಯಾಂಟು, ಸೊಂಟಕ್ಕೆ ಭಾರದ ಉಪಕರಣ ಕಟ್ಟಿಕೊಳ್ಳುವುದು, ಇವು ಆ ನರವನ್ನು ಒತ್ತಬಹುದು. ಆಗ ತೊಡೆಯ ಹೊರಭಾಗ ಜುಮ್ಮೆನ್ನುತ್ತದೆ, ಮರಗಟ್ಟುತ್ತದೆ, ಕೆಲವೊಮ್ಮೆ ಉರಿಯುತ್ತದೆ. ಇಂಥದ್ದು ಕಂಡರೆ 'ಅಭ್ಯಾಸ ಆಗುತ್ತೆ ಬಿಡು' ಎಂದು ಸಹಿಸಬೇಡಿ. ಸಡಿಲ ಮಾಡಿ, ಜಾಗ ಬದಲಿಸಿ. ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಹೊಸಬರು ಚಿಕ್ಕ ಪಿಸ್ತೂಲು ಆರಾಮ ಎಂದುಕೊಳ್ಳುತ್ತಾರೆ. ಯಾವಾಗಲೂ ಹಾಗಲ್ಲ. ನಳಿಗೆ ತೀರಾ ಗಿಡ್ಡ ಇದ್ದರೆ ಪಿಸ್ತೂಲಿನ ಭಾರವೆಲ್ಲ ಬೆಲ್ಟಿನ ಮೇಲೆಯೇ ಉಳಿಯುತ್ತದೆ. ಮೇಲ್ಭಾಗ ಹೊಟ್ಟೆಯಿಂದ ಆಚೆ ವಾಲುತ್ತದೆ. ನಳಿಗೆ ಸ್ವಲ್ಪ ಉದ್ದ ಇದ್ದರೆ ಕೆಳಗಿನ ಭಾಗ ಮೈಗೆ ಆನಿಕೊಂಡು ಸನ್ನೆಗೋಲಿನಂತೆ ಮೇಲಿನ ಹಿಡಿಯನ್ನು ಒಳಕ್ಕೆ ತಳ್ಳುತ್ತದೆ. ಹೊರಗೆ ಕಾಣಿಸಿಕೊಡುವುದು ನಳಿಗೆಯ ಉದ್ದಕ್ಕಿಂತ ಹಿಡಿಯ ಉದ್ದವೇ. ನಳಿಗೆ ಪ್ಯಾಂಟಿನೊಳಗೆ ಅಡಗುತ್ತದೆ, ಹಿಡಿ ಅಂಗಿಯ ಕೆಳಗೆ ಉಬ್ಬುತ್ತದೆ. ಆದರೆ ಗಿಡ್ಡ ಮೈಕಟ್ಟಿನವರಿಗೆ ಉದ್ದ ನಳಿಗೆ ಕೂತಾಗ ತೊಡೆಗೆ ಗುದ್ದುತ್ತದೆ. ಹಾಗಾಗಿ ಇನ್ನೊಬ್ಬರಿಗೆ ಹೊಂದಿದ್ದು ನಿಮಗೆ ಹೊಂದಬೇಕೆಂದಿಲ್ಲ.

ಎರಡು ಸಣ್ಣ ಭಾಗಗಳು ಬಹಳ ವ್ಯತ್ಯಾಸ ಮಾಡುತ್ತವೆ. ಒಂದು 'ಕ್ಲಾ', ಅಂದರೆ ಉಗುರು. ಹೋಲ್ಸ್ಟರ್‌ನ ಪಕ್ಕದಲ್ಲಿ ಚಾಚಿಕೊಂಡಿರುವ ಈ ತುಂಡು ಬೆಲ್ಟಿನ ಒಳಮೈಗೆ ಒತ್ತುತ್ತದೆ. ಬೆಲ್ಟ್ ಅದನ್ನು ತಿರುಗಿ ಒತ್ತಿದಾಗ ಹಿಡಿ ಹೊಟ್ಟೆಯ ಕಡೆ ತಿರುಗುತ್ತದೆ. ಇನ್ನೊಂದು 'ವೆಜ್', ಅಂದರೆ ಬೆಣೆ. ಹೋಲ್ಸ್ಟರ್‌ನ ಕೆಳತುದಿಯಲ್ಲಿ, ಮೈಗೆ ತಾಗುವ ಕಡೆ ಅಂಟಿಸುವ ಮೆತ್ತನೆಯ ದಿಂಡು. ಅದು ಮೂರು ಕೆಲಸ ಒಟ್ಟಿಗೆ ಮಾಡುತ್ತದೆ. ಗಟ್ಟಿ ತುದಿ ಚುಚ್ಚುವುದನ್ನು ತಪ್ಪಿಸುತ್ತದೆ, ಹಿಡಿಯನ್ನು ಒಳಕ್ಕೆ ವಾಲಿಸುತ್ತದೆ, ನಳಿಗೆಯ ಬಾಯಿಯನ್ನು ಮೈಯಿಂದ ಸ್ವಲ್ಪ ಹೊರಕ್ಕೆ ತಿರುಗಿಸುತ್ತದೆ. ಬೆರಳು ದಪ್ಪದ ಒಂದು ಫೋಮ್ ತುಂಡಿನಿಂದ ಆರಾಮ ಮತ್ತು ಸುರಕ್ಷತೆ ಎರಡೂ ಸಿಗುತ್ತವೆ ಅನ್ನುವುದು ನನಗೆ ಈ ವಿಷಯದಲ್ಲಿ ತುಂಬ ಹಿಡಿಸಿದ ಸಂಗತಿ.

ಹೊಟ್ಟೆ ದೊಡ್ಡದಿರುವವರಿಗೆ ಮುಂದಿನ ಜಾಗ ಹೊಂದದೆ ಇರಬಹುದು. ಹೊಟ್ಟೆ ಅಡ್ಡ ಬಂದು ಹೋಲ್ಸ್ಟರ್‌ನ ಬಾಯಿ ಕಣ್ಣಿಗೆ ಕಾಣದಿದ್ದರೆ ನೋಡಿ ಇಡುವ ಕ್ರಮವೇ ಕೈಬಿಡುತ್ತದೆ. ಅಂಥವರಿಗೆ 3 ಅಥವಾ 4 ಗಂಟೆಯ ಜಾಗ ಮೇಲು.

ಶೌಚಾಲಯ ಮತ್ತು ಮರೆವು

ಯಾರೂ ಬಾಯಿ ಬಿಟ್ಟು ಕೇಳದ ಪ್ರಶ್ನೆ ಇದು. ಕಮೋಡ್ ಮೇಲೆ ಕೂರುವಾಗ ಏನು ಮಾಡಬೇಕು? ಬೆಲ್ಟ್ ಬಿಚ್ಚಿದ ಕೂಡಲೇ ಭಾರಕ್ಕೆ ಹೋಲ್ಸ್ಟರ್ ಬೋರಲಾಗುತ್ತದೆ. ಪಿಸ್ತೂಲು ಜಾರಿದರೆ ಕೈ ತಾನಾಗಿಯೇ ಹಿಡಿಯಲು ಹೋಗುತ್ತದೆ. ನೈಟ್‌ಕ್ಲಬ್‌ನಲ್ಲಿ ಆದದ್ದೂ ಅದೇ. ತೆಗೆದು ಪಕ್ಕದಲ್ಲಿಟ್ಟರೆ ಮರೆತು ಬರುವ ಅಪಾಯ, ಮುಂದೆ ಬರುವವರಿಗೆ ಅದು ಸಿಗುವ ಅಪಾಯ. ಪಿಸ್ತೂಲನ್ನು ಹೋಲ್ಸ್ಟರ್‌ನಲ್ಲೇ ಬಿಟ್ಟು, ಪ್ಯಾಂಟು ಮೊಣಕಾಲಿನ ಹತ್ತಿರ ಇರುವಾಗ ಬೆಲ್ಟನ್ನು ಮತ್ತೆ ಹಾಕಿ ಬಿಗಿ ಮಾಡಿಕೊಳ್ಳುವುದು ಒಂದು ದಾರಿ. ಹೋಲ್ಸ್ಟರ್ ಸಮೇತ ಬಿಚ್ಚಿ, ಕಣ್ಣಿಗೆ ಬೀಳುವಂತೆ ಪ್ಯಾಂಟಿನ ಮಡಿಲಿನಲ್ಲೇ ಇಟ್ಟುಕೊಳ್ಳುವುದು ಇನ್ನೊಂದು. ಅಕಸ್ಮಾತ್ ಬೀಳುತ್ತಿದ್ದರೆ ಬೀಳಲಿ, ಹಿಡಿಯಲು ಹೋಗಬಾರದು. ಕೈ ಹಾಕುವುದಕ್ಕಿಂತ ನೆಲಕ್ಕೆ ಬಿಡುವುದೇ ಕಡಿಮೆ ಅಪಾಯ.

ಚೆನ್ನಾಗಿ ಹೊಂದಿಕೊಂಡ ಪಿಸ್ತೂಲಿಗೂ ಒಂದು ಸಮಸ್ಯೆ ಇದೆ. ಅದು ಇದೆ ಎನ್ನುವುದೇ ಮರೆತುಹೋಗುತ್ತದೆ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಬಂದೂಕುಗಳು ಸಿಕ್ಕಿದವು. ಹೆಚ್ಚಿನವುಗಳಲ್ಲಿ ಗುಂಡು ತುಂಬಿತ್ತು. ಫೆಡರಲ್ ಕಟ್ಟಡ, ಅಂಚೆ ಕಚೇರಿ, ಕೋರ್ಟ್, ಇಲ್ಲೆಲ್ಲ ಒಳಗೆ ಒಯ್ಯುವಂತಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಪಟ್ಟಿ ಬದಲಾಗುತ್ತದೆ. ಒಂದು ರಾಜ್ಯದ ಲೈಸೆನ್ಸ್ ಪಕ್ಕದ ರಾಜ್ಯದಲ್ಲಿ ನಡೆಯದೇ ಇರಬಹುದು. ಮನೆಯಿಂದ ಹೊರಡುವಾಗ ದಿನದ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಓಡಿಸಿ ನೋಡಬೇಕು.

ಚೇಂಬರ್ ಖಾಲಿ ಇಟ್ಟರೆ?

ಚೇಂಬರ್‌ನಲ್ಲಿ ಗುಂಡು ಇಲ್ಲದಿದ್ದರೆ ಟ್ರಿಗರ್ ಎಳೆದರೂ ಏನೂ ಆಗುವುದಿಲ್ಲ. ಬೇಕಾದಾಗ ಮೇಲಿನ ಸ್ಲೈಡನ್ನು ಎಳೆದು ಗುಂಡು ತುಂಬಬೇಕು. ಅದಕ್ಕೆ ಎರಡು ಕೈ ಬೇಕು, ಸಮಯ ಬೇಕು. ಹಾಗಾಗಿ ಅಮೆರಿಕದ ಬಹುತೇಕ ತರಬೇತುದಾರರು ಇದನ್ನು ಒಪ್ಪುವುದಿಲ್ಲ. ಆದರೆ ಹೊಸ ಹೋಲ್ಸ್ಟರ್ ಕಟ್ಟಿಕೊಂಡ ಮೊದಲ ಒಂದೆರಡು ವಾರ ಮನೆಯಲ್ಲಿ ಪೂರ್ತಿ ಖಾಲಿ ಪಿಸ್ತೂಲಿನೊಂದಿಗೆ ಕೂತು, ಎದ್ದು, ಬಗ್ಗಿ, ಶೂ ಕಟ್ಟಿ, ಮೆಟ್ಟಿಲು ಹತ್ತಿ ನೋಡುವುದಕ್ಕೆ ಯಾರ ತಕರಾರೂ ಇಲ್ಲ. ದಿನದ ಕೊನೆಗೆ ಸ್ಟ್ರೈಕರ್ ಬಿಡುಗಡೆಯಾಗಿದ್ದರೆ, ಎಲ್ಲೋ ಟ್ರಿಗರ್ ಒತ್ತಿಹೋಗಿದೆ ಎಂದೇ ಅರ್ಥ. ಗುಂಡು ತುಂಬುವ ಮುಂಚೆಯೇ ಅದು ಗೊತ್ತಾಗುವುದು ಒಳ್ಳೆಯದು.

ಸಂಜೆ ಮನೆಗೆ ಬಂದ ಮೇಲೆ

ಬೆಳಿಗ್ಗೆ ಎರಡನ್ನೂ ಒಟ್ಟಿಗೆ ಹಾಕಿಕೊಂಡ ಹಾಗೆಯೇ ಸಂಜೆ ಒಟ್ಟಿಗೆ ತೆಗೆಯಬೇಕು. ಕ್ಲಿಪ್ ಬಿಡಿಸಿ, ಹೋಲ್ಸ್ಟರ್ ಸಮೇತ ಮೇಲಕ್ಕೆ ಎತ್ತಿದರೆ ಟ್ರಿಗರ್ ಮುಚ್ಚಿಕೊಂಡೇ ಇರುತ್ತದೆ. ಸುಸ್ತಾಗಿ ಬಂದ ಹೊತ್ತು ಇದು. ಸೋಫಾ ಮೇಲೆ, ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟುಬಿಡೋಣ ಎನಿಸುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅವರ ಬೆರಳು ಟ್ರಿಗರ್ ಬಳೆಯೊಳಗೆ ಸಲೀಸಾಗಿ ಹೋಗುತ್ತದೆ. ಬೆರಳಿನಲ್ಲಿ ಬಲ ಸಾಲದಿದ್ದರೆ ಎರಡೂ ಹೆಬ್ಬೆರಳು ಸೇರಿಸಿ ಒತ್ತುತ್ತಾರೆ, ಆಗ ನಳಿಗೆ ಅವರ ಮುಖಕ್ಕೇ ತಿರುಗಿರುತ್ತದೆ. ಬಾಗಿಲ ಹತ್ತಿರ, ದೊಡ್ಡವರ ಕೈ ಎತ್ತರದಲ್ಲಿ, ಗೋಡೆಗೆ ಬೋಲ್ಟ್ ಹಾಕಿದ ಬೀಗದ ಪೆಟ್ಟಿಗೆ ಇದ್ದರೆ ಸೊಂಟದಿಂದ ಅಲ್ಲಿಗೆ ನಾಲ್ಕು ಹೆಜ್ಜೆ. ಪಿಸ್ತೂಲು ಹೋಲ್ಸ್ಟರ್ ಜೊತೆಯಲ್ಲೇ ಪೆಟ್ಟಿಗೆಯೊಳಗೆ ಹೋಗುತ್ತದೆ, ಬೀಗ ಬೀಳುತ್ತದೆ. ಮರುದಿನ ಅದೇ ಜೋಡಿ ಹಾಗೆಯೇ ಬೆಲ್ಟಿಗೆ ಬರುತ್ತದೆ.